ರುಚಿ ನೋಡದ ಅಡಿಗೆಯವನು

"ಗುರುಗಳೇ, ನಾನು ಸಿಹಿ ಬಿಟ್ಟು ಮೂರು ವರ್ಷವಾಯಿತು. ಆದರೂ ಸಕ್ಕರೆ ಕಾಯಿಲೆ ಏರುತ್ತಲೇ ಇದೆ. ಬಿಟ್ಟ ಮೇಲೂ ಅದು ಎಲ್ಲಿಂದ ಬರುತ್ತದೆ?"

ಹೀಗೆ ಕೇಳಿದವನು ಅಚ್ಯುತ. ಹುಡುಗನಾಗಿದ್ದಾಗ ಗುರುಗಳ ಆಶ್ರಮದಲ್ಲಿ ಆರು ವರ್ಷ ಓದಿದವನು. ಈಗ ಅವನೇ ಒಂದು ಶಾಲೆಗೆ ಮುಖ್ಯೋಪಾಧ್ಯಾಯ. ರಕ್ತಪರೀಕ್ಷೆಯ ಕಾಗದವನ್ನು ಗುರುಗಳ ಮುಂದೆ ಚಾಚಿದ. ಗುರುಗಳು ಕಾಗದ ನೋಡಲಿಲ್ಲ, ಅವನ ಮುಖ ನೋಡಿದರು.

"ಏನೇನು ಬಿಟ್ಟೆ?"

"ಲಾಡು ಬಿಟ್ಟೆ, ಹೋಳಿಗೆ ಬಿಟ್ಟೆ. ಮನೆಯಲ್ಲಿ ಪಾಯಸ ಮಾಡಿದ ದಿನ ಲೋಟ ಮುಟ್ಟುವುದಿಲ್ಲ. ಮದುವೆ ಮನೆಯಲ್ಲಿ ಸಿಹಿ ಬಡಿಸುವವರು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ. ನೋಡಿದ ನಾಲ್ಕು ಜನ ಮೆಚ್ಚುತ್ತಾರೆ."

"ಮೆಚ್ಚಲಿ ಬಿಡು. ಕುಳಿತುಕೋ," ಎಂದರು ಗುರುಗಳು. ಕತೆ ಹೇಳುವಾಗ ಅವರು ಆತುರಪಡುವವರಲ್ಲ, ಕೇಳುವವನು ಆತುರಪಟ್ಟರೆ ಸಹಿಸುವವರೂ ಅಲ್ಲ. ಅಚ್ಯುತ ಕಾಗದ ಮಡಿಸಿ ಜೇಬಿಗಿಟ್ಟು, ಚಾಪೆಯ ಮೇಲೆ ನೆಟ್ಟಗೆ ಕುಳಿತ ಮೇಲೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಆ ಊರು ದೊಡ್ಡದೊಂದು ಕ್ಷೇತ್ರಕ್ಕೆ ಹೋಗುವ ದಾರಿಯಲ್ಲಿತ್ತು. ಯಾತ್ರಿಕರು ಹಸಿದು ಮುಂದೆ ಹೋಗಬಾರದೆಂದು ವರ್ತಕ ಒಂದು ಅನ್ನಛತ್ರ ಕಟ್ಟಿಸಿದ್ದ. ಕಟ್ಟಿಸಿ ಸುಮ್ಮನಾದವನಲ್ಲ, ದಿನವೂ ಯಾತ್ರಿಕರ ಜೊತೆಗೇ ಊಟಕ್ಕೆ ಕೂರುತ್ತಿದ್ದ. ಮೊದಲ ಪಂಕ್ತಿಯ ಮೊದಲ ಎಲೆ ಅವನದು. ಮನೆಯಲ್ಲಿ ಅವನಿಗಾಗಿ ಅಡಿಗೆಯಾಗುತ್ತಿರಲಿಲ್ಲ. ಬಂದವರು ಏನು ಉಣ್ಣುತ್ತಾರೋ ತಾನೂ ಅದನ್ನೇ ಉಣ್ಣಬೇಕು, ಉಂಡವರು ತೃಪ್ತಿಪಟ್ಟರೋ ಇಲ್ಲವೋ ತನ್ನ ನಾಲಿಗೆಗೇ ಗೊತ್ತಾಗಬೇಕು ಎಂಬುದು ಅವನ ಹಟ.

ಛತ್ರಕ್ಕೆ ಒಬ್ಬ ಅಡಿಗೆಯವನಿದ್ದ. ಕೈ ಪಳಗಿದ ಅಡಿಗೆಯವನು. ಒಲೆ ಹಚ್ಚಿದ ಮೇಲೆ ಯಾರ ಮಾತನ್ನೂ ಕೇಳುವವನಲ್ಲ. ಅವನಿಗೊಂದು ನಿಯಮವಿತ್ತು, ಅವನ ಅಪ್ಪನಿಗೂ ಇದ್ದದ್ದು. ಮಾಡಿದ ಅಡಿಗೆಯನ್ನು ಮೊದಲು ದೇವರ ಮುಂದೆ ಇಡಬೇಕು. ಇಡುವುದಕ್ಕೆ ಮುಂಚೆ ಅಡಿಗೆಯವನು ಒಂದು ಹನಿಯನ್ನೂ ನಾಲಿಗೆಗೆ ತಾಕಿಸಬಾರದು. ಉಪ್ಪೆಷ್ಟು, ಹುಳಿಯೆಷ್ಟು ಎಂಬುದನ್ನು ಅವನ ಮುಷ್ಟಿ ಹೇಳಬೇಕು, ಕುದಿ ಹೇಳಬೇಕು, ಮೇಲೆದ್ದ ನೊರೆ ಹೇಳಬೇಕು. ಅವು ಹೇಳುತ್ತಲೂ ಇದ್ದವು. ನೂರು ಜನಕ್ಕೆ ಸಾರು ಮಾಡಿದರೂ ಒಂದು ಚಿಟಿಕೆ ಹೆಚ್ಚುಕಡಿಮೆಯಾಗುತ್ತಿರಲಿಲ್ಲ.

ದೇವರಿಗೆ ಇಟ್ಟ ಮೇಲಾದರೂ ರುಚಿ ನೋಡಬಹುದಿತ್ತಲ್ಲ ಎಂದು ನೀನು ಕೇಳಬಹುದು. ಬೆಳಗಿನಿಂದ ಒಲೆಯ ಮುಂದೆ ನಿಂತವನಿಗೆ ಅದೇ ಸಾರು, ಅದೇ ಹುಳಿ ಗಂಟಲಲ್ಲಿ ಇಳಿಯುವುದಿಲ್ಲ. ಎಲ್ಲ ಪಂಕ್ತಿ ಎದ್ದ ಮೇಲೆ ಅವನು ಒಂದು ತಟ್ಟೆ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು, ಪಕ್ಕಕ್ಕೆ ಒಂದು ಹೋಳು ಉಪ್ಪಿನಕಾಯಿ ಇಟ್ಟುಕೊಂಡು ಉಂಡು ಮುಗಿಸುತ್ತಿದ್ದ. ಅಡಿಗೆ ಮಾಡುವವರಲ್ಲಿ ನೂರಕ್ಕೆ ತೊಂಬತ್ತು ಜನ ಹೀಗೆಯೇ. ಹಾಗಾಗಿ ತನ್ನ ಅಡಿಗೆ ಹೇಗಿದೆ ಎಂದು ತಿಳಿಯಲು ಅವನಿಗೆ ಇದ್ದದ್ದು ಒಂದೇ ದಾರಿ. ವರ್ತಕ ಕೈ ತೊಳೆದು ಬರುವಾಗ ಬಾಗಿಲ ಬಳಿ ನಿಂತು ಅವನ ಮುಖ ನೋಡುವುದು. ವರ್ತಕ ತಲೆದೂಗಿದರೆ ಅಡಿಗೆಯವನಿಗೆ ಅಂದಿನ ದಿನ ಸಾರ್ಥಕ.

ಒಮ್ಮೆ ವರ್ತಕ ಕಾಶಿಗೆ ಹೋದ. ಕಾಶಿಗೆ ಹೋದವರು ಏನಾದರೊಂದು ತಿನ್ನುವ ವಸ್ತುವನ್ನು ಅಲ್ಲಿ ಬಿಟ್ಟು ಬರುವುದು ವಾಡಿಕೆ. ನಮ್ಮ ಜನ ಜಾಣರು. ಮೊದಲಿನಿಂದಲೂ ತಮಗೆ ಸೇರದ ಪಡವಲಕಾಯಿಯನ್ನೋ ಮೂಲಂಗಿಯನ್ನೋ ಗಂಗೆಗೆ ಬಿಟ್ಟು, ದೊಡ್ಡ ತ್ಯಾಗ ಮಾಡಿದವರ ಹಾಗೆ ಊರಿಗೆ ಮರಳುತ್ತಾರೆ. ವರ್ತಕ ಅಂಥವನಲ್ಲ. ಅವನಿಗೆ ಸಿಹಿಯೆಂದರೆ ಪ್ರಾಣ. ಅದನ್ನೇ ಬಿಡುತ್ತೇನೆಂದ. ಗಂಗೆಯ ಮೊಣಕಾಲುದ್ದ ನೀರಿನಲ್ಲಿ ನಿಂತು, ಕೈಯಲ್ಲಿ ನೀರು ಹಿಡಿದು, ಲಾಡು, ಹೋಳಿಗೆ, ಪಾಯಸ, ಸಜ್ಜಿಗೆ, ಜಿಲೇಬಿ ಎಂದು ಒಂದೊಂದರ ಹೆಸರನ್ನೂ ಹೇಳಿ ಬಿಟ್ಟ. ಹೇಳುವಾಗ ಕಣ್ಣಲ್ಲಿ ನೀರು ಬಂದಿತ್ತಂತೆ. ಬಿಟ್ಟದ್ದು ಮಾತ್ರ ನಿಜ. ಅಂದಿನಿಂದ ಅವುಗಳಲ್ಲಿ ಒಂದನ್ನೂ ಅವನು ಮುಟ್ಟಲಿಲ್ಲ.

ಊರಿಗೆ ಬಂದು ಮೊದಲ ದಿನ ಪಂಕ್ತಿಯಲ್ಲಿ ಕುಳಿತ. ಪಾಯಸ ಬಂತು. ಎಲೆಗೆ ಕೈ ಅಡ್ಡ ಹಿಡಿದ. ಪಾಯಸ ಮುಂದಕ್ಕೆ ಹೋಯಿತು. ಅವನ ಕಣ್ಣು ಪಾತ್ರೆಯ ಹಿಂದೆಯೇ ಪಂಕ್ತಿಯ ಕೊನೆಯವರೆಗೂ ಹೋಗಿ ಬಂತು. ಅಡಿಗೆಯವನು ಒಳಬಾಗಿಲಲ್ಲಿ ನಿಂತು ಅದನ್ನು ನೋಡಿದ. ಊಟ ಮುಗಿಸಿ ಬಂದ ವರ್ತಕ ಎಂದಿನಂತೆ ತಲೆದೂಗಲಿಲ್ಲ.

"ಭಟ್ರೇ, ಎಲ್ಲಾ ಚೆನ್ನಾಗಿತ್ತು. ಸಾರು ಮಾತ್ರ ಯಾಕೋ ಸಪ್ಪೆ ಅನ್ನಿಸ್ತು," ಎಂದ.

ಸಾರು ಸಪ್ಪೆಯಾಗಿರಲಿಲ್ಲ. ನಿನ್ನೆಯ ಸಾರೇ ಅದು, ಹೋದ ವರ್ಷದ ಸಾರೇ ಅದು. ಪಾಯಸದ ಜಾಗ ಖಾಲಿಯಾಗಿತ್ತು, ಅಷ್ಟೇ. ಅಡಿಗೆಯವನಿಗೆ ಅದು ತಿಳಿಯಲಿಲ್ಲ. ತಿಳಿಯುವ ದಾರಿಯೂ ಅವನಿಗಿರಲಿಲ್ಲ. ಮರುದಿನ ಸಾರು ಕುದಿಯುವಾಗ ನಿಂಬೆಗಾತ್ರದ ಬೆಲ್ಲ ಹಾಕಿದ. ಸಾರಿಗೆ ಒಂದು ಚೂರು ಬೆಲ್ಲ ಹಾಕುವುದೇನು ಹೊಸದಲ್ಲ, ಹುಳಿ ಖಾರ ಹೊಂದಿಕೊಳ್ಳಲೆಂದು ಎಷ್ಟೋ ಮನೆಗಳಲ್ಲಿ ಹಾಕುತ್ತಾರೆ. ಆ ದಿನ ವರ್ತಕ ಎರಡು ಸಲ ಸಾರು ಕೇಳಿ ಬಡಿಸಿಕೊಂಡ. ಕೈ ತೊಳೆದು ಬಂದವನು ಅಡಿಗೆಯವನ ಭುಜ ತಟ್ಟಿದ.

ಭುಜ ತಟ್ಟಿಸಿಕೊಂಡ ಅಡಿಗೆಯವನು ಸುಮ್ಮನಿರುತ್ತಾನೆಯೇ? ಒಂದು ತಿಂಗಳು ಆ ಬೆಲ್ಲ ಸಾಕಾಯಿತು. ಆಮೇಲೆ ವರ್ತಕ ಮತ್ತೆ ಸಪ್ಪೆ ಎಂದ. ಬೆಲ್ಲ ಎರಡಾಯಿತು. ಆಮೇಲೆ ಗೊಜ್ಜು ಸಪ್ಪೆ ಎಂದ, ಗೊಜ್ಜಿಗೂ ಬಿತ್ತು. ಹುಳಿಗೆ ಬಿತ್ತು, ಪಲ್ಯಕ್ಕೆ ಬಿತ್ತು. ಚಟ್ನಿಯನ್ನೂ ಬಿಡಲಿಲ್ಲ. ಬೆಲ್ಲ ಕರಗಿಸಿ ಸೋಸುವುದು ತಡವೆಂದು ಸಕ್ಕರೆ ಬಂತು. ಡಬ್ಬದಲ್ಲಿ ಬರುತ್ತಿದ್ದ ಸಕ್ಕರೆ ಮೂಟೆಯಲ್ಲಿ ಬಂತು. ಅದರ ಮೂಟೆ ಮೊದಲು ಉಗ್ರಾಣದಲ್ಲಿತ್ತು. ಆಮೇಲೆ ಓಡಾಟ ತಪ್ಪಲೆಂದು ಒಲೆಯ ಪಕ್ಕಕ್ಕೇ ಬಂದು ಕೂತಿತು.

ಒಂದು ಮಾತು ನೀನು ಗಮನಿಸಬೇಕು. ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಅಡಿಗೆಯವನ ಲೆಕ್ಕದಲ್ಲಿ ಸಿಹಿಯೆಂದರೆ ಪಾಯಸ, ಹೋಳಿಗೆ. ಅವನ್ನು ಅವನು ವರ್ತಕನ ಎಲೆಯ ಹತ್ತಿರವೂ ಸುಳಿಯಗೊಡುತ್ತಿರಲಿಲ್ಲ. ಗೊತ್ತಿಲ್ಲದೆ ಒಮ್ಮೆ ಹೊಸ ಬಡಿಸುವವನೊಬ್ಬ ವರ್ತಕನ ಎಲೆಗೆ ಒಂದು ಸೌಟು ಪಾಯಸ ಹಾಕಿದ್ದಕ್ಕೆ ಅಡಿಗೆಯವನು ಅವನ ಮೇಲೆ ಹರಿಹಾಯ್ದು, ಆ ಎಲೆಯನ್ನೇ ತೆಗೆಸಿ ಬೇರೆ ಎಲೆ ಹಾಕಿಸಿದ. ಅಷ್ಟು ಶ್ರದ್ಧೆ. ಸಾರಿಗೆ ಹಾಕುವ ಸಕ್ಕರೆ ಮಾತ್ರ ಅವನ ಮಟ್ಟಿಗೆ ಸಿಹಿಯಲ್ಲ. ಉಪ್ಪಿನ ಹಾಗೆ, ಇಂಗಿನ ಹಾಗೆ, ಅದೊಂದು ಹದ.

ವರ್ತಕನೂ ಅಷ್ಟೇ ಪ್ರಾಮಾಣಿಕ. ದಿನಕ್ಕೆ ಆರು ಲೋಟ ಕಾಫಿ ಕುಡಿಯುತ್ತಿದ್ದ. ಕಾಫಿ ಕುಡಿಯುವ ವಸ್ತು, ತಾನು ಬಿಟ್ಟದ್ದು ತಿನ್ನುವ ವಸ್ತು. ಕಾಫಿಯ ಜೊತೆ ಬಿಸ್ಕತ್ತು ತಿನ್ನುತ್ತಿದ್ದ. ಬಿಸ್ಕತ್ತು ಆಸ್ಪತ್ರೆಯಲ್ಲಿ ಮಲಗಿದವರಿಗೆ ಕೊಡುವಂಥದ್ದು, ಅದು ಹೇಗೆ ಸಿಹಿಯಾದೀತು? ಯಾರಾದರೂ ಕಾಣಲು ಬಂದವರು ಪೊಟ್ಟಣದ ಹಣ್ಣಿನ ರಸ ತಂದರೆ ಕುಡಿಯುತ್ತಿದ್ದ. ಹಣ್ಣಿಗಿಂತ ಸಾತ್ವಿಕವಾದದ್ದು ಯಾವುದಿದೆ? ಗಂಗೆಯಲ್ಲಿ ನಿಂತು ಹೇಳಿದ ಹೆಸರುಗಳಲ್ಲಿ ಇವು ಯಾವುವೂ ಇರಲಿಲ್ಲ. ಅವನ ವ್ರತಕ್ಕೆ ಒಂದು ಕೂದಲೆಳೆಯಷ್ಟೂ ಭಂಗ ಬಂದಿರಲಿಲ್ಲ. ಜನ ಅವನನ್ನು ತೋರಿಸಿ ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು.

ಯಾತ್ರಿಕರಲ್ಲಿ ಕೆಲವರು ಮೊದಲ ತುತ್ತಿಗೇ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆದರೆ ಒಂದು ಹೊತ್ತು ಉಂಡು ಮುಂದೆ ಹೋಗುವವರು, ಅನ್ನ ಹಾಕಿದವನ ಎದುರಿಗೆ ಹೆಸರಿಡುತ್ತಾರೆಯೇ? ಊರಿನವರಿಗೆ ಮೆಲ್ಲಗೆ ಅದೇ ರುಚಿ ಹಿಡಿಸಿತು. ಮದುವೆ ಮುಂಜಿಗೆ ಇದೇ ಅಡಿಗೆಯವನನ್ನು ಕರೆಯತೊಡಗಿದರು. ಹೆಂಗಸರು ಅವನ ಹತ್ತಿರ ಸಾರಿನ ಗುಟ್ಟು ಕೇಳಿಕೊಂಡು ಹೋದರು. ಅವನು ಧಾರಾಳಿ, ಮುಚ್ಚಿಡಲಿಲ್ಲ. ಹೀಗೆ ಒಂಬತ್ತು ವರ್ಷ ಕಳೆಯಿತು.

ಅಷ್ಟು ಹೊತ್ತಿಗೆ ವರ್ತಕನಿಗೆ ವಿಪರೀತ ಬಾಯಾರಿಕೆ. ಉಂಡೊಡನೆ ಕಣ್ಣು ಎಳೆಯುತ್ತಿತ್ತು. ಬಹಳ ಓಡಾಡುತ್ತೀರಿ, ದಣಿವು ಎಂದರು ಜನ. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿಹೋದರೂ ಅವನಿಗೆ ತಿಳಿಯುತ್ತಿರಲಿಲ್ಲ. ಯಾವುದೋ ಧ್ಯಾನದಲ್ಲಿರುತ್ತಾರೆ ಎಂದರು ಜನ. ಒಂದು ಬೇಸಿಗೆಯ ನಡುಹಗಲು ದೇವಸ್ಥಾನದಲ್ಲಿ ಪ್ರದಕ್ಷಿಣೆ ನಡೆಯುತ್ತಿತ್ತು. ಹಾಸುಗಲ್ಲು ಕಾದು ಕೆಂಡವಾಗಿತ್ತು. ಎಲ್ಲರೂ ಹಾರಿ ಹಾರಿ ಕಾಲಿಡುತ್ತಿದ್ದರೆ ವರ್ತಕ ಒಬ್ಬ ಮಾತ್ರ ಸಾವಕಾಶವಾಗಿ ಮೂರು ಸುತ್ತು ನಡೆದ. ಏನು ಭಕ್ತಿ, ಏನು ತಾಳ್ಮೆ ಎಂದು ಜನ ಅಲ್ಲಿಯೇ ಕೈ ಮುಗಿದರು. ಸಂಜೆ ನೋಡಿದರೆ ಎಡಗಾಲಿನ ಹೆಬ್ಬೆರಳಿನ ಕೆಳಗೆ ಅಂಗೈಯಗಲ ಬೊಬ್ಬೆ. ಅವನಿಗೆ ನೋವಾಗಿರಲಿಲ್ಲ.

ಬೊಬ್ಬೆ ಒಡೆಯಿತು, ಹುಣ್ಣಾಯಿತು, ಮಾಯಲಿಲ್ಲ. ಊರಿನ ವೈದ್ಯೆಯೊಬ್ಬಳು ನೋಡಿ ರಕ್ತ ತೆಗೆದು ಪರೀಕ್ಷೆ ಮಾಡಿದಳು. ಸಿಹಿ ತಿನ್ನುತ್ತೀರಾ ಎಂದು ಕೇಳಿದಳು. ವರ್ತಕ ನಕ್ಕುಬಿಟ್ಟ. ಒಂಬತ್ತು ವರ್ಷದ ಹಿಂದೆ ಕಾಶಿಯಲ್ಲಿ ಬಿಟ್ಟದ್ದನ್ನು ಹೇಳಿದ. ಅಡಿಗೆಯವನು ಪಕ್ಕದಲ್ಲೇ ನಿಂತಿದ್ದ, ಅವನೂ ಸಾಕ್ಷಿ ನುಡಿದ. ವೈದ್ಯೆ ಇಬ್ಬರ ಮುಖವನ್ನೂ ನೋಡಿದಳು. ಇಬ್ಬರೂ ಸುಳ್ಳು ಹೇಳುವವರಲ್ಲ. ಈ ಕಾಯಿಲೆ ನಾನಾ ಕಾರಣಕ್ಕೆ ಬರುತ್ತದೆ ಎಂದು ಮಾತ್ರೆ ಕೊಟ್ಟು ಕಳಿಸಿದಳು. ಮಾತ್ರೆ ತಾಗಲಿಲ್ಲ. ಒಂದು ತಿಂಗಳಿಗೆ ಬೆರಳು ಕಪ್ಪಗಾಯಿತು. ಈ ಸಲ ಅವಳು ಮುಚ್ಚುಮರೆ ಮಾಡಲಿಲ್ಲ.

"ಶೆಟ್ರೇ, ಬೆರಳು ಹೋಯ್ತು ಅಂತಲೇ ತಿಳ್ಕೊಳ್ಳಿ. ಪಾದ ಉಳಿಸೋಕೆ ನೋಡ್ತಿದ್ದೀನಿ. ಇನ್ನು ಹದಿನೈದು ದಿನದಲ್ಲಿ ರಕ್ತದಲ್ಲಿರೋ ಸಕ್ಕರೆ ಇಳೀದಿದ್ರೆ ಪಾದಾನೂ ತೆಗೀಬೇಕಾಗುತ್ತೆ. ನಾನು ಮಾತ್ರೆ ಕೊಡ್ತಾನೇ ಇದ್ದೀನಿ. ಯಾರೋ ಅದರ ಮೇಲೆ ದಿನಾ ಸುರೀತಾನೇ ಇದ್ದಾರೆ. ಯಾರು ಅಂತ ನನಗೆ ಗೊತ್ತಾಗ್ತಿಲ್ಲ."

ವರ್ತಕ ಹೆದರಿದ. ಹೆದರಿದವನು ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದ, ಇನ್ನೂ ನಾಲ್ಕು ವಸ್ತು ಬಿಟ್ಟ. ಬಾಳೆಹಣ್ಣು ಬಿಟ್ಟ, ಮಾವಿನಹಣ್ಣು ಬಿಟ್ಟ. ಕೊಬ್ಬರಿ ಬಿಟ್ಟ, ಅದು ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಅನ್ನವನ್ನು ಅರ್ಧ ಮಾಡಿದ. ಅಡಿಗೆಯವನನ್ನು ಕರೆದು, ಇನ್ನು ತನ್ನ ನಾಲಿಗೆಗೆ ಉಳಿದಿರುವುದು ನಿಮ್ಮ ಸಾರೊಂದೇ, ಅದೊಂದು ಚೆನ್ನಾಗಿರಲಿ ಎಂದ. ಅಡಿಗೆಯವನ ಕಣ್ಣು ತುಂಬಿ ಬಂತು. ಅನ್ನವಿಟ್ಟ ಧಣಿ, ಕಾಲು ಕಳೆದುಕೊಳ್ಳುವ ಹಾಗಾಗಿದ್ದಾನೆ. ತನ್ನಿಂದ ಆಗುವುದಾದರೂ ಏನು? ಆ ದಿನ ಅವನು ಎಂದಿಗಿಂತ ಒಂದು ಮುಷ್ಟಿ ಹೆಚ್ಚು ಸಕ್ಕರೆ ಹಾಕಿದ.

ಅದೇ ದಿನ ಪಂಕ್ತಿಯ ತುದಿಯಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ದೂರದ ಊರಿನಿಂದ ಕಾಲುನಡಿಗೆಯಲ್ಲಿ ಕ್ಷೇತ್ರಕ್ಕೆ ಹೊರಟವಳು. ಎಲೆಗೆ ಅನ್ನ ಬಿತ್ತು, ಅನ್ನದ ಮೇಲೆ ಸಾರು ಬಿತ್ತು. ಒಂದು ತುತ್ತು ಬಾಯಿಗಿಟ್ಟು ಅವಳು ಅಡಿಗೆಯವನನ್ನು ಕರೆದಳು.

"ಅಯ್ಯಾ, ಪಾಯಸಾನ ಅನ್ನದ ಮೇಲೇ ಬಡಿಸಿಬಿಟ್ರಲ್ಲ. ಇರ್ಲಿ ಬಿಡಿ. ಸಾರು ಯಾವಾಗ ಬರುತ್ತೆ?"

"ಅಮ್ಮಾ, ನೀವು ಉಣ್ತಿರೋದೇ ಸಾರು. ಈ ಸೀಮೇಲಿ ನನ್ನ ಸಾರಿಗೆ ಹೆಸರು ಇಟ್ಟವರಿಲ್ಲ."

"ಹೌದಾ? ನೀವು ಉಂಡು ನೋಡಿದ್ದೀರಾ?"

ಅಡಿಗೆಯವನಿಗೆ ರೇಗಿಹೋಯಿತು. ವಯಸ್ಸಾದವರ ಬಾಯಿ ಕೆಟ್ಟಿರುತ್ತದೆ ಎಂದುಕೊಂಡು ಒಳಗೆ ಹೋದ. ಮುದುಕಿ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು ಉಂಡು, ಎಲೆ ಮಡಿಚಿ, ನಮಸ್ಕಾರ ಹೇಳಿ ತನ್ನ ದಾರಿ ಹಿಡಿದಳು. ಅವಳು ಹೋದಳು, ಅವಳ ಮಾತು ಹೋಗಲಿಲ್ಲ. ಎಲ್ಲರೂ ಎದ್ದ ಮೇಲೆ ಅಡಿಗೆಯವನು ತಟ್ಟೆಯ ಮುಂದೆ ಕುಳಿತ. ಮಜ್ಜಿಗೆಯ ಪಾತ್ರೆಗೆ ಕೈ ಚಾಚಿದವನು ಹಿಂದಕ್ಕೆ ತೆಗೆದ. ಸಾರಿನ ಕೊಳಗದಿಂದ ಒಂದು ಸೌಟು ತಟ್ಟೆಗೆ ಹಾಕಿಕೊಂಡು ಕಲಸಿ ಬಾಯಿಗಿಟ್ಟ. ಒಂಬತ್ತು ವರ್ಷ ಮಜ್ಜಿಗೆ ಉಂಡ ನಾಲಿಗೆ ಅದು, ಅದಕ್ಕೆ ಯಾವ ದಾಕ್ಷಿಣ್ಯವೂ ಇರಲಿಲ್ಲ.

ತುತ್ತು ನುಂಗಲಾಗಲಿಲ್ಲ. ಹುಣಸೆಹಣ್ಣು ಹಾಕಿದ ಪಾಯಸವಾಗಿತ್ತು ಅದು. ಗೊಜ್ಜು ನೋಡಿದ, ಹುಳಿ ನೋಡಿದ, ಪಲ್ಯ ನೋಡಿದ. ವೈದ್ಯೆ ಕೇಳಿದ ಆ 'ಯಾರು' ತಾನೇ ಎಂದು ಅವನಿಗೆ ಹೊಳೆಯಿತು. ಒಲೆಯ ಪಕ್ಕದ ಮೂಟೆಯನ್ನು ನೋಡಲು ಭಯವಾಯಿತು. ಯಾವ ಕೈಯನ್ನು ಊರೆಲ್ಲ ಹೊಗಳಿತ್ತೋ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವನು ಅತ್ತ.

ಅತ್ತು ಹಗುರವಾದ ಮೇಲೆ ಮನುಷ್ಯನ ಬುದ್ಧಿ ಮೊದಲು ಹುಡುಕುವುದು ಅಡ್ಡದಾರಿಯನ್ನೇ. ಯಾರಿಗೂ ಹೇಳುವುದು ಬೇಡ ಎಂದುಕೊಂಡ. ಹೇಳಿದರೆ ಒಂಬತ್ತು ವರ್ಷದ ಹೆಸರು ಮಣ್ಣುಪಾಲು. ಕಾಶಿಯ ವ್ರತ ತನ್ನ ಕೈಯಿಂದಲೇ ಕೆಟ್ಟಿತೆಂದಾದರೆ ಧಣಿ ಕ್ಷಮಿಸುತ್ತಾನೆಯೇ? ಸದ್ದಿಲ್ಲದೆ ಸಕ್ಕರೆ ನಿಲ್ಲಿಸಿಬಿಟ್ಟರೆ ಆಯಿತು. ಮರುದಿನ ಅವನು ತನ್ನ ಅಪ್ಪ ಮಾಡುತ್ತಿದ್ದ ಸಾರು ಮಾಡಿದ. ಬೇಳೆಕಟ್ಟು, ಹುಣಸೆ, ಮೆಣಸು, ಜೀರಿಗೆ, ಒಗ್ಗರಣೆ, ಅಷ್ಟೇ. ದೇವರ ಮುಂದಿಟ್ಟು ಹೊರಗೆ ಕಳಿಸಿ ಬಾಗಿಲ ಮರೆಯಲ್ಲಿ ನಿಂತ.

ವರ್ತಕ ಒಂದು ತುತ್ತು ಉಂಡ. ಎರಡನೆಯದನ್ನು ಕಲಸಿ ಹಾಗೆಯೇ ಬಿಟ್ಟ. ಎಲೆಯನ್ನು ಮುಂದಕ್ಕೆ ತಳ್ಳಿದ. ಅನ್ನ ಹಾಕುವ ಮನುಷ್ಯ ಪಂಕ್ತಿಯ ಮಧ್ಯೆ ಎಲೆ ತಳ್ಳಿದರೆ ಉಳಿದವರು ಉಣ್ಣುವುದು ಹೇಗೆ? ಎಲ್ಲರ ಕೈಯೂ ನಿಂತಿತು. ಅವನು ಸಿಟ್ಟಿನವನಲ್ಲ, ಮೆಲ್ಲಗೇ ಹೇಳಿದ.

"ಭಟ್ರೇ, ಸಾರು ಸಪ್ಪೆ ಅಲ್ಲ, ಇವತ್ತು ಕಹಿ. ನಿಮಗೂ ವಯಸ್ಸಾಯ್ತು. ಕೈ ತಪ್ಪಿದೆ. ನಾಳೆಯಿಂದ ಬೇರೆ ಯಾರನ್ನಾದ್ರೂ ಒಲೆ ಮುಂದೆ ನಿಲ್ಲಿಸೋಣ. ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ ಸಾಕು."

ಅಡಿಗೆಯವನಿಗೆ ಎದುರಿಗೆ ಎರಡು ದಾರಿ ಕಂಡಿತು. ಈಗಲೇ ಒಳಗೆ ಹೋಗಿ ಒಂದು ಮುಷ್ಟಿ ಹಾಕಿ ತಂದರೆ ಅವನ ಒಲೆ ಉಳಿಯುತ್ತದೆ, ಹೆಸರು ಉಳಿಯುತ್ತದೆ, ಧಣಿ ಭುಜ ತಟ್ಟುತ್ತಾನೆ. ಹಾಕದಿದ್ದರೆ ಪಾದ ಉಳಿಯಬಹುದು. ಹಾಗಂತ ಖಾತ್ರಿಯೇನೂ ಇಲ್ಲ. ನಾಳೆ ಬರುವ ಹೊಸ ಅಡಿಗೆಯವನು ಧಣಿ ಸಪ್ಪೆ ಎಂದ ಕೂಡಲೇ ಮುಷ್ಟಿ ತೆರೆಯುತ್ತಾನೆ ಎಂಬುದು ಮಾತ್ರ ಖಾತ್ರಿ. ಅವನು ಒಳಗೆ ಹೋದ. ಸಕ್ಕರೆಯ ಮೂಟೆಯನ್ನೇ ಹೆಗಲಿಗೇರಿಸಿಕೊಂಡು ಬಂದು ಪಂಕ್ತಿಯ ನಡುವೆ, ವರ್ತಕನ ಎಲೆಯ ಮುಂದೆ ಇಳಿಸಿದ.

"ಶೆಟ್ರೇ, ಸಾರಲ್ಲಿ ಕಡಿಮೆ ಆಗಿರೋದು ಇದು. ಒಂಬತ್ತು ವರ್ಷದಿಂದ ದಿನಾ ಹಾಕ್ತಿದ್ದೆ. ಸಾರಿಗೆ, ಹುಳಿಗೆ, ಪಲ್ಯಕ್ಕೆ, ಎಲ್ಲಕ್ಕೂ. ನೀವು ಸಪ್ಪೆ ಅಂದ ಹಾಗೆಲ್ಲ ಹೆಚ್ಚು ಮಾಡ್ತಾ ಬಂದೆ. ನಾನು ಒಂದು ದಿನವೂ ಉಂಡು ನೋಡಲಿಲ್ಲ. ನಿನ್ನೆ ನೋಡಿದೆ. ಈಗಲೂ ಹಾಕು ಅನ್ನಿ, ಇಲ್ಲೇ ನಿಮ್ಮ ಎಲೆಗೇ ಹಾಕ್ತೀನಿ."

ವರ್ತಕನ ಮುಖ ಕೆಂಪಗಾಯಿತು, ಆಮೇಲೆ ಬಿಳಿಚಿತು. ತನ್ನ ವ್ರತ ಕೆಡಿಸಿದಿರಿ ಎಂದು ಕೂಗಬೇಕೆನ್ನಿಸಿತು. ಆದರೆ ಅದಕ್ಕಿಂತ ಮೊದಲು ಅವನ ನಾಲಿಗೆ ಕೆಲಸ ಮಾಡಿತ್ತು. ಮೂಟೆ ಕಂಡೊಡನೆ ಬಾಯಲ್ಲಿ ನೀರೂರಿತ್ತು. ಅದು ಅವನೊಬ್ಬನಿಗೇ ತಿಳಿದ ಸಂಗತಿ. ಹಾಕು ಎಂದು ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು. ಆ ಮಾತು ಅವನ ಬಾಯಿಂದ ಹೊರಡಲಿಲ್ಲ. ಇಷ್ಟು ವರ್ಷ ಸಪ್ಪೆ ಎಂಬ ಮಾತಿನಿಂದ ತಾನು ಕೇಳಿದ್ದು ಇದನ್ನೇ ಎಂದು ಅವನಿಗೆ ಮೊದಲ ಸಲ ಅರ್ಥವಾಯಿತು. ಗಂಗೆಯಲ್ಲಿ ನಿಂತು ಬಿಟ್ಟವನು, ನಾಲ್ಕು ಜನರೆದುರು ಹೆಸರು ಹಿಡಿದು ಅದನ್ನು ಕೇಳುವುದು ಹೇಗೆ?

ಕೊನೆಗೆ ತಳ್ಳಿದ ಎಲೆಯನ್ನು ತಾನೇ ಎಳೆದುಕೊಂಡ. ಆ ಸಾರನ್ನವನ್ನು ಔಷಧ ನುಂಗುವವನ ಹಾಗೆ ತುತ್ತು ತುತ್ತಾಗಿ ನುಂಗಿ ಮುಗಿಸಿದ. ಎದ್ದು ಕೈ ತೊಳೆದು ಬಂದವನು ಬಾಗಿಲ ಬಳಿ ಅಡಿಗೆಯವನ ಮುಂದೆ ನಿಂತ. ಭುಜ ತಟ್ಟಲಿಲ್ಲ, ಬೈಯಲೂ ಇಲ್ಲ. ನಾಳೆಯೂ ನೀವೇ ಒಲೆ ಹಚ್ಚಿ ಎಂದಷ್ಟೇ ಹೇಳಿ ಹೋದ.

ಕಾಫಿ ಸಪ್ಪೆಯಾಯಿತು. ಬಿಸ್ಕತ್ತು ಬಾಗಿಲಾಚೆ ಹೋಯಿತು. ಮೊದಲ ವಾರ ವರ್ತಕನಿಗೆ ತಲೆ ಸಿಡಿಯಿತು, ಯಾರು ಮಾತಾಡಿಸಿದರೂ ಹರಿಹಾಯುತ್ತಿದ್ದ. ಅಡಿಗೆಯವನು ಎಲ್ಲವನ್ನೂ ಕೇಳಿಸಿಕೊಂಡ, ಸಾರಿನ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ವೈದ್ಯೆ ಹೇಳಿದ ಹದಿನೈದನೆಯ ದಿನ ಬಂತು. ರಕ್ತ ಪರೀಕ್ಷೆ ಮಾಡಿದಳು. ಮಾತ್ರೆ ಈಗ ಕೆಲಸ ಮಾಡುತ್ತಿದೆ ಎಂದಳು. ಬೆರಳು ತೆಗೆದರು. ಪಾದ ಉಳಿಯಿತು.

ಎರಡು ತಿಂಗಳ ನಂತರ ಒಂದು ದಿನ ವರ್ತಕ ಪಂಕ್ತಿಯಲ್ಲಿ ಕುಳಿತಿದ್ದವನು, ಇನ್ನೂ ಸಾರು ಬರುವ ಮೊದಲೇ ಬರಿಯ ಅನ್ನದ ನಾಲ್ಕು ಅಗುಳು ಬಾಯಿಗೆ ಹಾಕಿಕೊಂಡು ಅಗಿದ. ಅಗಿಯುತ್ತಿದ್ದವನು ತಟ್ಟನೆ ನಿಲ್ಲಿಸಿದ. ಅಡಿಗೆಯವನನ್ನು ಕರೆದು, ಅನ್ನಕ್ಕೆ ಏನು ಹಾಕಿದ್ದೀರಿ, ಸಿಹಿಯಾಗಿದೆಯಲ್ಲ ಎಂದು ಗದರಿದ. ಅಡಿಗೆಯವನಿಗೆ ಗಾಬರಿಯಾಯಿತು. ಆ ಎಲೆಯಿಂದಲೇ ನಾಲ್ಕು ಅಗುಳು ಕೇಳಿ ತೆಗೆದು ಬಾಯಿಗೆ ಹಾಕಿಕೊಂಡ. ಅಕ್ಕಿ ಮತ್ತು ನೀರು ಬಿಟ್ಟು ಅದರಲ್ಲಿ ಬೇರೆ ಏನೂ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಅಚ್ಯುತನಿಗೆ ಸಮಾಧಾನವಾಗಿತ್ತು. ರೋಗ ಎಲ್ಲಿದೆ ಎಂದು ತಿಳಿದವನ ಗೆಲುವು ಮುಖದಲ್ಲಿತ್ತು. ಚಾಪೆಯಿಂದ ಎದ್ದೇ ಬಿಟ್ಟ.

"ತಿಳಿಯಿತು ಗುರುಗಳೇ. ನನ್ನ ಹೆಂಡತಿಯೂ ಎಲ್ಲದಕ್ಕೂ ಸುರಿಯುತ್ತಾಳೆ. ಇವತ್ತೇ ಮನೆಗೆ ಹೋಗಿ ಅವಳನ್ನು ಕೇಳುತ್ತೇನೆ."

ಗುರುಗಳು ತಲೆಯೆತ್ತಿದರು.

"ಕೇಳು ಅಚ್ಯುತ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಮಾಡಿದ ಮೊದಲ ಸಾರನ್ನು ಉಂಡು ನೀನು ಏನೆಂದಿದ್ದೆ, ಅದನ್ನು ಕೇಳು."

ಅಚ್ಯುತ ಮತ್ತೆ ಚಾಪೆಯ ಮೇಲೆ ಕುಳಿತ.